ಹತ್ತು ನಿಮಿಷ ಹಿಂದಕ್ಕೆ

ಬೆಳಿಗ್ಗೆ ನೋಡಿದಾಗ ಅದು ನಾಲ್ಕುನೂರ ತೊಂಬತ್ತೇಳನೆಯ ಸಾಲಿಗೆ ಇಳಿದಿತ್ತು. ರಾತ್ರಿ ಪಾಳಿಯವನು ಆಕಳಿಸುತ್ತ ಹೊರಗೆ ಹೋದದ್ದೇ ತಡ, ಕೈಚೀಲವನ್ನು ಮೊಳೆಗೆ ಸಿಕ್ಕಿಸುವ ಮೊದಲೇ ಅವನು ಸ್ವಿಚ್ ರೂಮಿನ ಮೀಟರಿನ ಮುಂದೆ ನಿಂತು, ಕೆಳಬಾಣದ ಗುಂಡಿಯನ್ನು ಒತ್ತುತ್ತ ಒತ್ತುತ್ತ ಅಲ್ಲಿಯವರೆಗೆ ಹೋಗಿ ನೋಡಿದ್ದ. ಹನ್ನೊಂದು ವರ್ಷದಿಂದ ಇದೇ ಅಭ್ಯಾಸ. ಉಳಿದವರು ಬಂದ ಕೂಡಲೇ ಟೀ ಹುಡುಕಿಕೊಂಡು ಹೋಗುತ್ತಾರೆ, ಇವರನ್ನು ನೋಡಿ, ಅಲಾರಂ ಪಟ್ಟಿ ಓದುತ್ತಾರೆ ಎಂದು ಗಿರಣಿಯ ಮ್ಯಾನೇಜರ್ ನಾಲ್ಕು ಜನರ ಎದುರಿಗೆ ಹೊಗಳಿದ್ದೂ ಉಂಟು. ಹಾಗೆ ಹೊಗಳಿಸಿಕೊಂಡ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. ಮೀಟರಿನ ಹೊಟ್ಟೆಯಲ್ಲಿ ಐನೂರು ಸಾಲಿಗಷ್ಟೇ ಜಾಗ. ವೋಲ್ಟೇಜು ಇಳಿದದ್ದು, ಏರಿದ್ದು, ಒಂದು ಫೇಸು ಸತ್ತದ್ದು, ಯಾರೋ ಸೆಟ್ಟಿಂಗ್ ಬದಲಿಸಿದ್ದು, ಎಲ್ಲವನ್ನೂ ಅದು ತಾರೀಖು, ಗಂಟೆ, ನಿಮಿಷ, ಸೆಕೆಂಡು ಸಮೇತ ಬರೆದಿಟ್ಟುಕೊಳ್ಳುತ್ತದೆ. ಹೊಸದು ಬಂದಾಗ ಹಳೆಯದು ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತದೆ. ಐನೂರು ದಾಟಿದ್ದು ಸದ್ದಿಲ್ಲದೆ ಅಳಿಸಿಹೋಗುತ್ತದೆ. ಇನ್ನು ನಾಲ್ಕು ಅಲಾರಂ ಬಂದರೆ ಆ ಸಾಲೂ ಇಲ್ಲ, ಅದರ ಕೆಳಗಿನ ಸಾಲೂ ಇಲ್ಲ. ಆ ಎರಡು ಸಾಲುಗಳನ್ನು ಒಟ್ಟಿಗೆ ಓದಿದ ಯಾರಿಗಾದರೂ ಅಣ್ಣ ತಪ್ಪು ಮಾಡಿರಲಿಲ್ಲ ಎಂಬುದು ತಿಳಿಯುತ್ತಿತ್ತು. ಹಾಗೆ ಓದಿದವನು ಈ ಲೋಕದಲ್ಲಿ ಅವನೊಬ್ಬನೇ. ಅಣ್ಣನಿಗೂ ಹೇಳಿರಲಿಲ್ಲ. ಇವತ್ತು ಹತ್ತು ಗಂಟೆಗೆ ಕಂಪನಿಯವರು ಬಂದು ಈ ಮೀಟರನ್ನೇ ಬಿಚ್ಚಿ ಹೊಸದನ್ನು ಕೂರಿಸುತ್ತಾರೆ ಎಂದು ನೋಟೀಸು ಬಂದಿತ್ತು. ಅಂದರೆ ನಾಲ್ಕು ಅಲಾರಮ್ಮಿಗೂ ಕಾಯಬೇಕಾಗಿಲ್ಲ ಎಂದುಕೊಂಡು ಅವನು ಕೈಚೀಲವನ್ನು ಮೊಳೆಗೆ ಸಿಕ್ಕಿಸಿದ.

ಕೋಣೆ ಗುಂಯ್‌ಗುಡುತ್ತಿತ್ತು. ಗೋಡೆಯಾಚೆಯ ಟ್ರಾನ್ಸ್‌ಫಾರ್ಮರಿನ ಆ ಸದ್ದು ನೆಲದಿಂದ ಕಾಲಿಗೆ ಹತ್ತುತ್ತದೆ. ಹೊಸಬರಿಗೆ ಒಂದು ವಾರ ತಲೆನೋವು, ಆಮೇಲೆ ಕೇಳಿಸುವುದೇ ಇಲ್ಲ. ಅಣ್ಣನಿಗೆ ಮಾತ್ರ ಇಪ್ಪತ್ತೆಂಟು ವರ್ಷ ಅದು ದಿನವೂ ಕೇಳಿಸಿತ್ತು. “ಕಣ್ಣು ಮುಚ್ಚು. ಈಗ ಹೇಳು, ಲೋಡು ಏರ್ತಾ ಇದೆಯೋ ಇಳೀತಾ ಇದೆಯೋ?” ಹತ್ತೊಂಬತ್ತರ ವಯಸ್ಸಿನಲ್ಲಿ ಇದೇ ಮೂಲೆಯಲ್ಲಿ ಮರದ ಸ್ಟೂಲಿನ ಮೇಲೆ ಕೂತು ಅವನು ಕಣ್ಣು ಮುಚ್ಚಿದ್ದ, ಏನೂ ತಿಳಿಯದೆ “ಏರ್ತಾ ಇದೆ” ಎಂದು ಬುರುಡೆ ಬಿಟ್ಟಿದ್ದ. ಅಣ್ಣ ತಲೆಗೆ ಮೆತ್ತಗೆ ಮೊಟಕಿ, “ಇಳೀತಾ ಇದೆ ಕಣೋ, ನೂಲಿನ ಮೂರನೇ ಸಾಲು ಈಗಷ್ಟೇ ನಿಂತಿದೆ, ಬೇಕಾದ್ರೆ ಹೋಗಿ ನೋಡ್ಕೊಂಡು ಬಾ” ಎಂದಿದ್ದ. ಹೋಗಿ ನೋಡಿದರೆ ನಿಂತಿತ್ತು. ಗಿರಣಿಯಲ್ಲೆಲ್ಲ ಅಣ್ಣನಿಗೆ ಕಿವಿಯಣ್ಣ ಎಂದೇ ಹೆಸರು. ಅಪ್ಪ ಹೋದಾಗ ಇವನಿಗೆ ಆರು, ಅಣ್ಣನಿಗೆ ಇಪ್ಪತ್ತೊಂದು. ತಲೆಗೆ ನೀರು ಹಾಕಿದವನು, ಮಗ್ಗಿ ಬಾಯಿಪಾಠ ಮಾಡಿಸಿದವನು, ಕೈಹಿಡಿದು ಈ ಗಿರಣಿಗೆ ಕರೆತಂದವನು ಎಲ್ಲ ಅಣ್ಣನೇ. ಆಗಿನ್ನೂ ಮುಳ್ಳಿನ ಮೀಟರುಗಳು. ಗಂಟೆಗೊಮ್ಮೆ ಅಣ್ಣ ಅವುಗಳ ಮುಂದೆ ನಡೆಯುತ್ತ ಅಂಕಿ ಓದುವನು, ಇವನು ಉದ್ದನೆಯ ರಿಜಿಸ್ಟರಿನಲ್ಲಿ ಬರೆಯುವನು. ಓದುವ ಧಾಟಿಯಲ್ಲೇ ಗೊತ್ತಾಗುತ್ತಿತ್ತು, ಅಣ್ಣನಿಗೆ ಯಾವ ಅಂಕಿ ಇಷ್ಟವಾಗಲಿಲ್ಲ ಎಂದು. ಮಧ್ಯಾಹ್ನ ಅತ್ತಿಗೆ ಇಬ್ಬರಿಗೂ ಸೇರಿಸಿ ಕಟ್ಟಿದ ಬುತ್ತಿ ತರುವಳು. ತಮ್ಮನ ಪಾಲು ದೊಡ್ಡದಾಯಿತು ಎಂದು ಅಣ್ಣ ದಿನಾ ತಕರಾರು ತೆಗೆಯುವನು, ದಿನಾ ತನ್ನ ಪಾಲಿನಿಂದ ಇನ್ನಷ್ಟು ಇವನ ಕಡೆಗೇ ತಳ್ಳುವನು. ಆ ಕೋಣೆಗೆ ಇನ್ನೊಂದು ಸಲ ಹೋಗಿ ಒಂದು ಗಂಟೆ ಕೂತು ಬರಬೇಕು ಅನ್ನಿಸಿತು ಅವನಿಗೆ. ಅವನು ನಿಂತಿದ್ದದ್ದು ಅದೇ ಕೋಣೆಯಲ್ಲಿ.

ಕಂಪನಿಯವರು ಹತ್ತೂವರೆಗೆ ಬಂದರು. ಕಂಪನಿಯವರು ಎಂದರೆ ಒಬ್ಬಳೇ ಇಂಜಿನಿಯರ್ ಹುಡುಗಿ. ಬೆನ್ನಿಗೆ ಲ್ಯಾಪ್‌ಟಾಪಿನ ಚೀಲ, ಕಂಕುಳಲ್ಲಿ ಹೊಸ ಮೀಟರಿನ ಡಬ್ಬ. “ಹತ್ತು ಗಂಟೆ ಅಂದಿದ್ದೆ ಸಾರ್, ಬಸ್ಸು ಕೈ ಕೊಡ್ತು” ಎಂದಳು. ಅವನು ತನಗೆ ಗೊತ್ತಿಲ್ಲದೆ ಮಣಿಕಟ್ಟು ನೋಡಿಕೊಂಡ. ಈಗ ಆ ಗಡಿಯಾರ ಸರಿಯಾದ ಹೊತ್ತನ್ನೇ ತೋರಿಸುತ್ತದೆ. “ನೀನು ಹುಟ್ಟಿದ್ದೇ ತಡವಾಗಿ, ಎಲ್ಲರ ಹೊತ್ತು ನಿನಗೆ ಸಾಲಲ್ಲ” ಎಂದು ನಗುತ್ತ, ಇವನ ಕೆಲಸ ಖಾಯಂ ಆದ ದಿನ ಅಣ್ಣ ತಂದುಕೊಟ್ಟ ಗಡಿಯಾರ ಅದು. ಅದರ ಕೀಲಿ ಎಳೆದು, ಮುಳ್ಳನ್ನು ತನ್ನ ಕೈಯಾರೆ ಹತ್ತು ನಿಮಿಷ ಮುಂದಕ್ಕೆ ತಿರುಗಿಸಿ ಇವನ ಕೈಗೆ ಕಟ್ಟಿದ್ದ. ಅಂದಿನಿಂದ ಗಿರಣಿಗೆ ಇವನ ಹೆಸರು ಹತ್ತು ನಿಮಿಷ. ಹತ್ತು ನಿಮಿಷ ಬಂದ್ರಾ? ಹತ್ತು ನಿಮಿಷ ಊಟಕ್ಕೆ ಹೋಗಿದಾರೆ, ಅರ್ಧ ಗಂಟೆ ಆಗುತ್ತೆ. ಗೇಟಿನ ಕಾವಲುಗಾರನಿಂದ ಮ್ಯಾನೇಜರವರೆಗೆ ಎಲ್ಲರಿಗೂ ಗೊತ್ತಿದ್ದ ತಮಾಷೆ. ಗಡಿಯಾರ ಮುಂದಿಟ್ಟುಕೊಂಡವರು ಮನಸ್ಸಿನಲ್ಲೇ ಕಳೆದು ನೋಡಿಕೊಳ್ಳುತ್ತಾರೆ. ಇವನೂ ಹಾಗೇ ಮಾಡುತ್ತಿದ್ದ, ಕಳೆಯುವುದು ಬೇಡವೆನಿಸಿದ ಹೊತ್ತನ್ನು ಬಿಟ್ಟು.

“ಇದರಲ್ಲಿ ಹಳೇ ಲಾಗ್ ತುಂಬಿದೆ ಸಾರ್. ಕಾಪಿ ಮಾಡ್ಕೊಳ್ಳಲಾ, ಇಲ್ಲಾ ಅಳಿಸಿಬಿಡಲಾ? ಸಾಮಾನ್ಯವಾಗಿ ಯಾರೂ ಕೇಳಲ್ಲ.”

ಅಳಿಸಿ ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. “ಕಾಪಿ ಮಾಡಿ” ಎಂದ.

“ತುಂಬಾ ಹಳೇ ಮಾಡೆಲ್ಲು, ನಿಧಾನಕ್ಕೆ ಬರುತ್ತೆ” ಎಂದು ಅವಳು ಕೇಬಲ್ ಸಿಕ್ಕಿಸಿ ಸ್ಟೂಲಿನ ಮೇಲೆ ಕೂತಳು. ಹಳೇ ಮಾಡೆಲ್ಲು! ಇದು ಬಂದ ದಿನ ಮ್ಯಾನೇಜರಿಂದ ಹಿಡಿದು ಗುಡಿಸುವವರ ತನಕ ಎಲ್ಲರೂ ಇದರ ಮುಂದೆ ಕೈಕಟ್ಟಿ ನಿಂತಿದ್ದರು. ಅದನ್ನು ನೋಡಿಯೇ ಅಣ್ಣ ಅದಕ್ಕೆ ಅಳಿಯ ದೇವರು ಎಂದು ಹೆಸರಿಟ್ಟದ್ದು. ಹೆಸರಿಟ್ಟು ಗೇಲಿ ಮಾಡಿದವನೇ ಅದರ ಪುಸ್ತಕವನ್ನು ಒಂದು ವಾರ ಕೂತು ಓದಿದ. “ನೋಡು, ಇದು ನಿಮ್ಮ ಅತ್ತಿಗೆ ಇದ್ದ ಹಾಗೆ. ವೋಲ್ಟೇಜು ಗೆರೆಯಿಂದ ಕೆಳಗೆ ಬಂತು ಅಂತ ತಕ್ಷಣ ಕೂಗಲ್ಲ. ನಾವು ಹೇಳಿದಷ್ಟು ಸೆಕೆಂಡು ಸುಮ್ಮನೆ ನೋಡುತ್ತೆ. ಅಷ್ಟರೊಳಗೆ ಸರಿಹೋಯ್ತೋ, ಏನೂ ಆಗಲೇ ಇಲ್ಲ. ಸರಿಹೋಗ್ಲಿಲ್ಲ ಅನ್ನು, ಅಲಾರಂ ಎದ್ದಿತು. ಒಂದು ಸಲ ಎದ್ದ ಮೇಲೆ, ಅದೇ ಗೆರೆಗೆ ವಾಪಸ್ ಬಂದ್ರೆ ಅಡಗಲ್ಲ. ಅದಕ್ಕಿಂತ ಸ್ವಲ್ಪ ಮೇಲೆ ಹೋಗಬೇಕು, ಅಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು, ಇನ್ನು ಹೀಗೆ ಮಾಡಲ್ಲ ಅಂತ ನಂಬಿಕೆ ಬರಬೇಕು.” ಬುತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತಿಗೆ “ಮುಗೀತಾ ನನ್ನ ಪುರಾಣ?” ಎಂದಾಗ ಅಣ್ಣನ ಮುಖ ನೋಡಬೇಕಿತ್ತು. ದೊಡ್ಡ ಅಲಾರಮ್ಮಾದರೆ ಗಂಟೆ ಬಾರಿಸುತ್ತದೆ, ಯಾರಾದರೂ ಬಂದು ‘ನೋಡಿದೆ’ ಎನ್ನುವ ಗುಂಡಿ ಒತ್ತುವವರೆಗೂ ಬಿಡುವುದಿಲ್ಲ. ಸಣ್ಣದಾದರೆ ಗಂಟೆಯಿಲ್ಲ, ಗುಂಡಿಯಿಲ್ಲ, ತನ್ನಷ್ಟಕ್ಕೆ ಒಂದು ಸಾಲು ಬರೆದುಕೊಂಡು ಕೂರುತ್ತದೆ. ಆ ಸಣ್ಣ ಸಾಲುಗಳನ್ನು ಯಾರೂ ಓದುವುದಿಲ್ಲ. ಕೂರಿಸಲು ಬಂದವನು ಅವಸರದಲ್ಲಿ ಹೊರಟುಹೋಗಿದ್ದ. ಗಡಿಯಾರದ ಜಾಗದಲ್ಲಿ ಬರೀ ಸೊನ್ನೆಗಳು ಮಿಣುಕುತ್ತಿದ್ದವು. “ಅಳಿಯ ದೇವರಿಗೆ ಹೊತ್ತು ಹೇಳಿಕೊಡೋ” ಎಂದ ಅಣ್ಣ. ಇವನು ಮಣಿಕಟ್ಟು ನೋಡಿ ಹಾಕಿದ. ಹತ್ತು ಕಳೆಯಲಿಲ್ಲ. ಬೇಕೆಂದೇ ಅಲ್ಲ, ಇನ್ನೊಬ್ಬರಿಗೆ ಹೊತ್ತು ಹೇಳುವಾಗ ತನ್ನ ಕೈಯಲ್ಲಿರುವುದನ್ನು ತಿದ್ದಿ ಹೇಳಬೇಕೆಂಬುದು ಹೊಳೆಯಲೇ ಇಲ್ಲ.

ಮೂರು ತಿಂಗಳ ಮೇಲೆ ಒಂದು ಗುರುವಾರ. ಬೆಳಗಿನ ಪಾಳಿ ಇವನದು, ಎರಡು ಗಂಟೆಗೆ ಬರಬೇಕಾದವನು ಅಣ್ಣ. ಅಣ್ಣತಮ್ಮಂದಿರ ನಡುವೆ ಎಂಥ ಒಪ್ಪಿಸುವುದು, ಎಂಥ ವಹಿಸಿಕೊಳ್ಳುವುದು? ‘ಎರಡು ಗಂಟೆ, ಎಲ್ಲ ಸರಿಯಿದೆ, ಒಪ್ಪಿಸಿದೆ’ ಎಂದು ರಿಜಿಸ್ಟರಿನಲ್ಲಿ ಮುಂಚೆಯೇ ಬರೆದು ಸಹಿ ಹಾಕಿಡುವುದು ಇವನ ರೂಢಿ. ಎರಡು ಗಂಟೆಯ ಸೈರನ್ ಕೂಗಿದ ಮೇಲೆ ಹೋದರೆ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆವತ್ತು ವಿಪರೀತ ಸೆಕೆ, ಕಿಟಕಿ ಪಕ್ಕದ ಸೀಟು ಬೇಕೆನಿಸಿತು. ಮಣಿಕಟ್ಟು ನೋಡಿದ. ಎರಡು ಗಂಟೆ ಒಂದು ನಿಮಿಷ. ಕಳೆಯಬೇಕೆಂದು ಗೊತ್ತಿತ್ತು, ಗೊತ್ತಿದ್ದೂ ನಂಬಿದ, ಗಡಿಯಾರವೇ ಹೋಗು ಎಂದಿತೆಂಬಂತೆ ಹೋದ. ಅವನು ಹೋದ ಎರಡು ನಿಮಿಷಕ್ಕೆ ದೊಡ್ಡ ಫ್ಯಾನಿನ ಮೋಟರಿಗೆ ಹೋಗುವ ಮೂರು ಫೇಸುಗಳಲ್ಲಿ ಒಂದು ಸತ್ತಿತು. ಉಳಿದೆರಡರ ಮೇಲೆ ಮೋಟರು ನರಳುತ್ತ ತಿರುಗಿತು. ಖಾಲಿ ಕೋಣೆಯಲ್ಲಿ ಗಂಟೆ ಬಾರಿಸುತ್ತಲೇ ಇತ್ತು. ಸೈರನ್ನಿನ ಜೊತೆಗೇ ಬಂದ ಅಣ್ಣ, ಓಣಿಯಲ್ಲೇ ಸದ್ದು ಬದಲಾದದ್ದನ್ನು ಕೇಳಿ ಓಡಿಬಂದು ಸ್ವಿಚ್ಚು ಎಳೆದ. ರಿಜಿಸ್ಟರಿನಲ್ಲಿ ಎರಡು ಗಂಟೆ ಒಂದು ನಿಮಿಷ ಎಂದು ಬರೆದ. ಮೋಟರು ಆಗಲೇ ಸುಟ್ಟಿತ್ತು. ಅಳಿಯ ದೇವರು ಬರೆದುಕೊಂಡದ್ದು ಬೇರೆ. ಅಲಾರಂ ಎದ್ದದ್ದು ಎರಡು ಗಂಟೆ ಮೂರು ನಿಮಿಷಕ್ಕೆ, ಅಡಗಿದ್ದು ಎರಡು ಗಂಟೆ ಹನ್ನೊಂದು ನಿಮಿಷಕ್ಕೆ. ಸಂಜೆ ನಾಲ್ಕಕ್ಕೆ ಹೇಳಿಕಳಿಸಿದಾಗ ಇವನು ಬಂದು ಮ್ಯಾನೇಜರ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತ. “ಬಂದಾಗ ಆಗಲೇ ಬಾರಿಸ್ತಾ ಇತ್ತು ಸಾರ್” ಎಂದು ಅಣ್ಣ ಮೂರನೆಯ ಸಲ ಹೇಳುತ್ತಿದ್ದ. “ಮೀಟರ್ ಹಾಗೆ ಹೇಳಲ್ವಲ್ಲ. ನಿಮ್ಮ ಪಾಳಿ ಶುರುವಾಗಿ ಮೂರು ನಿಮಿಷಕ್ಕೆ ಎದ್ದ ಅಲಾರಮ್ಮಿಗೆ ಎಂಟು ನಿಮಿಷ ನೀವು ಏಳಲಿಲ್ಲ. ಆಮೇಲೆ ರಿಜಿಸ್ಟರಲ್ಲಿ ಟೈಮು ಬೇರೆ ಬರೆದಿದ್ದೀರಿ” ಎಂದರು ಮ್ಯಾನೇಜರು. ಅಣ್ಣ ಇವನ ಕಡೆ ತಿರುಗಿದ. “ನೀನು ಹೋಗುವಾಗ ಎಲ್ಲ ಸರಿಯಿತ್ತಲ್ವೇನೋ?” “ಸರಿಯಿತ್ತು” ಎಂದ ಇವನು. ಅದು ಸುಳ್ಳೂ ಅಲ್ಲ. ಅಷ್ಟು ಹೊತ್ತಿಗೆ ಅವನಿಗೆ ಅರ್ಧ ಅರ್ಥವಾಗಿತ್ತು. ಉಳಿದರ್ಧ ಅರ್ಥವಾಗದಂತೆ ತಡೆದು ನಿಲ್ಲಿಸಿಕೊಂಡಿದ್ದ. ಅಣ್ಣ ಮೇಜಿನ ಮೇಲಿದ್ದ ತಪ್ಪೊಪ್ಪಿಗೆಯ ಕಾಗದವನ್ನು ಬಹಳ ಹೊತ್ತು ನೋಡಿದ. “ಮೀಟರಿಗೆ ಸುಳ್ಳು ಹೇಳಿ ಏನಾಗಬೇಕು ಸಾರ್. ನನಗೇ ಕೇಳಿಸಿರಲಿಕ್ಕಿಲ್ಲ” ಎಂದು ಸಹಿ ಹಾಕಿದ. ಇಪ್ಪತ್ತೆಂಟು ವರ್ಷದ ಕಿವಿಯನ್ನು ಅಣ್ಣ ಅಷ್ಟು ಸುಲಭವಾಗಿ ಬಿಟ್ಟುಕೊಟ್ಟ.

ಸಂಜೆ ಎಲ್ಲರೂ ಸುಟ್ಟ ಮೋಟರಿನ ಸುತ್ತ ಸೇರಿದ್ದಾಗ ಅವನೊಬ್ಬನೇ ಇಲ್ಲಿ ಬಂದು ಮೀಟರಿನ ಗಡಿಯಾರವನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿದ. ಮುಂದೆ ಯಾರಾದರೂ ಬಂದು ನೋಡಿದರೆ ಎಲ್ಲ ಸರಿಯಾಗಿರಬೇಕು. ಮೊದಲಿನದು ತಪ್ಪು, ಇದು ಪಾಪ ಎಂಬುದು ಬೆರಳು ಗುಂಡಿಯ ಮೇಲಿದ್ದಾಗಲೇ ಅವನಿಗೆ ಗೊತ್ತಿತ್ತು. ಅಳಿಯ ದೇವರು ಗಂಟೆ ಬಾರಿಸಲಿಲ್ಲ. ಗಡಿಯಾರ ಬದಲಾಯಿತು, ಆರು ನಲವತ್ತೆರಡು ಇದ್ದದ್ದು ಆರು ಮೂವತ್ತೆರಡಾಯಿತು ಎಂದು ಒಂದು ಸಣ್ಣ ಸಾಲು ಬರೆದುಕೊಂಡಿತು. ಮಾರನೆಯ ದಿನ ತನ್ನ ಕೈಗಡಿಯಾರವನ್ನೂ ಸರಿಮಾಡಿಕೊಂಡ. ಹತ್ತು ನಿಮಿಷಕ್ಕೆ ಬುದ್ಧಿ ಬಂತು ಎಂದು ಗಿರಣಿಯವರು ನಕ್ಕರು. ಅಷ್ಟು ನಕ್ಕರೂ ಒಬ್ಬನಿಗೂ ಎರಡಕ್ಕೆರಡು ಕೂಡಿಸಬೇಕು ಅನ್ನಿಸಲಿಲ್ಲ. ಅಣ್ಣನನ್ನು ನೂಲಿನ ಗೋದಾಮಿಗೆ ಹಾಕಿದರು. ಅಲ್ಲಿ ಕೇಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಮೊದಲ ವರ್ಷ ಇವನಿಗೆ ಆ ಸಾಲುಗಳು ಬೇಗ ಅಳಿಸಿಹೋಗಲಿ ಎಂದಿತ್ತು. ಅಲಾರಮ್ಮಿನ ಗೆರೆಗಳನ್ನು ಬಿಗಿ ಮಾಡಿ, ಕಾಯುವ ಹೊತ್ತನ್ನು ಒಂದು ಸೆಕೆಂಡಿಗೆ ಇಳಿಸಿದ; ಪಂಪು ಶುರುವಾದರೂ ಒಂದು ಸಾಲು, ಲಿಫ್ಟು ಏರಿದರೂ ಒಂದು ಸಾಲು. ಒಂದೇ ತಿಂಗಳಲ್ಲಿ ಅವೆರಡೂ ನಾನೂರಕ್ಕೆ ಇಳಿದವು. ಆ ಭಾನುವಾರ ಅಣ್ಣನ ಮನೆಗೆ ಹೋದಾಗ ಅಣ್ಣ ಅತ್ತಿಗೆಯನ್ನು “ನಲ್ಲಿ ತೊಟ್ಟಿಕ್ತಾ ಇದೆಯಾ ನೋಡೇ, ನನಗೇನೋ ಹಾಗನ್ನಿಸುತ್ತೆ” ಎಂದು ಕೇಳುತ್ತಿದ್ದ. ತೊಟ್ಟಿಕ್ಕುತ್ತಿದ್ದದ್ದು ಪಕ್ಕದ ಮನೆಯ ನಲ್ಲಿ. ಮಾರನೆಯ ದಿನವೇ ಇವನು ಗೆರೆಗಳನ್ನು ಸಡಿಲ ಮಾಡಿದ, ಪ್ರಳಯವಾದರೆ ಮಾತ್ರ ಅಲಾರಂ ಏಳುವಷ್ಟು ಸಡಿಲ. ಅಲ್ಲಿಂದ ವರ್ಷಕ್ಕೆ ಎಂಟೋ ಹತ್ತೋ. ಆ ಸಾಲುಗಳನ್ನು ಸಾಯಲೂ ಬಿಡಲಿಲ್ಲ, ಹೊರಗೂ ತರಲಿಲ್ಲ.

“ಅಯ್ಯೋ ಸಾರ್, ಇಲ್ಲಿ ನೋಡಿ” ಎಂದು ಹುಡುಗಿ ಕರೆದಳು. ಕಾಪಿ ಮುಗಿದಿತ್ತು, ಅವಳು ಸುಮ್ಮನೆ ಹೊತ್ತು ಕಳೆಯಲು ಹಿಂದಿನಿಂದ ಓದಿಕೊಂಡು ಬರುತ್ತಿದ್ದಳು. “ಎರಡು ಗಂಟೆಗೆ ಫೇಸ್ ಹೋಗಿದೆ. ಅದೇ ದಿನ ಸಂಜೆ ಯಾರೋ ಗಡಿಯಾರ ಹತ್ತು ನಿಮಿಷ ಹಿಂದಕ್ಕೆ ಹಾಕಿದಾರೆ. ಅಂದ್ರೆ ಅಲ್ಲಿಯವರೆಗೂ ಇದು ಮುಂದೆ ಓಡ್ತಾ ಇತ್ತು. ಫೇಸ್ ಹೋಗಿದ್ದು ಎರಡಕ್ಕಲ್ಲ, ಎರಡಕ್ಕೆ ಮುಂಚೇನೇ. ಅಲ್ವಾ ಸಾರ್?”

ಹನ್ನೊಂದು ವರ್ಷ ಅವನು ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಅವಳು ಕಾಲು ಗಂಟೆಯಲ್ಲಿ, ಬಿಸ್ಕತ್ತು ಕಡಿಯುತ್ತ, ಓದಿಬಿಟ್ಟಿದ್ದಳು. ಅವನಿಗೆ ಮೊದಲು ಆದದ್ದು ನಾಚಿಕೆಯಲ್ಲ, ಅವಮಾನ. ಇಷ್ಟು ಸುಲಭವಾಗಿತ್ತೇ ಎಂದು.

“ಹೌದು” ಎಂದ. “ಒಂದು ಐವತ್ಮೂರಕ್ಕೆ.”

“ಪಾಪ, ಯಾರಿಗಾದ್ರೂ ತೊಂದರೆ ಆಯ್ತೇನೋ.”

“ನಮ್ಮಣ್ಣನಿಗೆ” ಎಂದ. ಅವಳು ಬಿಸ್ಕತ್ತು ಕೆಳಗಿಟ್ಟಳು. ಅವಳು ಇನ್ನೇನಾದರೂ ಕೇಳುವ ಮೊದಲು ಅವನು ಕೈಚೀಲ ತೆಗೆದುಕೊಂಡು, ಅರ್ಧ ದಿನದ ರಜೆ ಬರೆದುಕೊಟ್ಟು, ಗೇಟು ದಾಟಿದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಯಾವ ಕಡೆಯಿಂದ ಶುರುಮಾಡಿದರೂ ಕಿಟಕಿ ಪಕ್ಕದ ಸೀಟು ಬರುತ್ತಿತ್ತು.

ಬಾಗಿಲು ತೆಗೆದ ಅತ್ತಿಗೆ “ಏನಪ್ಪ ಇಷ್ಟು ಹೊತ್ತಿಗೆ, ಹುಷಾರಾಗಿದೀಯ ತಾನೆ?” ಎಂದಳು. ನಿವೃತ್ತನಾಗಿ ಮನೆಯಲ್ಲೇ ಇದ್ದ ಅಣ್ಣ ನೆಲದ ಮೇಲೆ ಕೂತು ಮೊಮ್ಮಗಳ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದ. “ಬಾರೋ, ಆ ಕತ್ತರಿ ಕೊಡು” ಎಂದ. ಇವನು ಕತ್ತರಿ ಕೊಟ್ಟು, ಎದುರಿಗೆ ಕೂತು, ಜೋಡಿಸಿಕೊಂಡ ಮಾತೆಲ್ಲ ಮರೆತು, ಒಂದೇ ಉಸಿರಿಗೆ ಹೇಳಿದ.

“ಅಣ್ಣ, ಆ ದಿನ ಮೀಟರಿನ ಗಡಿಯಾರ ಮುಂದಿತ್ತು. ನಾನು ನನ್ನ ಗಡಿಯಾರ ನೋಡಿ ಹೊತ್ತು ಹಾಕಿದ್ದೆ.”

ಅಣ್ಣನ ಕೈ ನಿಂತಿತು. “ಎಷ್ಟು ಮುಂದೆ?”

“ಹತ್ತು.”

“ಹಾಗಾದ್ರೆ ಎದ್ದಿದ್ದು…”

“ಒಂದು ಐವತ್ಮೂರಕ್ಕೆ. ನನ್ನ ಪಾಳೀಲಿ. ನಾನು ಇರಲಿಲ್ಲ. ಬಸ್ಸಲ್ಲಿ ಸೀಟು ಸಿಗಲಿ ಅಂತ ಮುಂಚೇನೇ ಎದ್ದುಹೋಗಿದ್ದೆ.”

ಅಣ್ಣ ಆ ಕೊನೆಯ ಮಾತನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಬೆರಳು ಮಡಚಿ ನಿಮಿಷ ಎಣಿಸುತ್ತಿದ್ದ. “ನಾನು ಸೈರನ್ ಜೊತೆ ಬಂದೆ.”

“ಹೌದಣ್ಣ.”

“ಬಂದಾಗ ಬಾರಿಸ್ತಾ ಇತ್ತು.”

“ಹೌದು.”

“ಒಂದೇ ನಿಮಿಷದಲ್ಲಿ ಎಳೆದೆ.”

“ಹೌದಣ್ಣ. ನೀನು ಬರೆದಿದ್ದೇ ಸರಿ.”

“ಏ, ಇಲ್ಲಿ ಬಾರೇ!” ಅಣ್ಣ ಕೂಗಿದ ರಭಸಕ್ಕೆ ಅತ್ತಿಗೆ ಒಳಗಿನಿಂದ ಓಡಿಬಂದಳು. “ಕೇಳಿದೆಯಾ? ಆ ಎಂಟು ನಿಮಿಷ ಇರಲೇ ಇಲ್ಲವಂತೆ! ನಾನು ಸರಿಯಾಗೇ ಇದ್ದೆನಂತೆ!” ಅಣ್ಣನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. ಇವನಿಗೂ ನಗು ಬಂತು. ಹನ್ನೊಂದು ವರ್ಷದ ಮೇಲೆ ಎದೆ ಹಗುರವಾಯಿತು, ಹಳೆಯ ದಿನ ಇನ್ನೇನು ವಾಪಸ್ ಬಂತು ಅನ್ನಿಸಿತು. ಅತ್ತಿಗೆ ನಗಲಿಲ್ಲ. “ನಿನಗೆ ಗೊತ್ತಿಲ್ಲಪ್ಪ” ಎಂದಳು. “ಡಾಕ್ಟ್ರು ಕಿವಿ ನೋಡಿ ಚೆನ್ನಾಗಿದೆ ಅಂದ್ರು. ಅವತ್ತಿಂದ ಇವರ ಭಯ ಇನ್ನೂ ಜಾಸ್ತಿ ಆಯ್ತು. ಕಿವಿ ಚೆನ್ನಾಗಿದ್ದೂ ಕೇಳಿಸಲಿಲ್ಲ ಅಂದ್ರೆ ಎಂಟು ನಿಮಿಷ ತಲೇನೇ ಎಲ್ಲೋ ಹೋಗಿತ್ತು, ಮತ್ತೆ ಯಾವಾಗ ಹೋಗುತ್ತೋ ಅಂತ. ಮೊಮ್ಮಗಳು ಹುಟ್ಟಿ ಆರು ವರ್ಷ ಆಯ್ತು, ಒಂದು ದಿನ ಎತ್ತಿಕೊಂಡಿಲ್ಲ. ಕೈಬಿಟ್ಟುಬಿಟ್ರೆ ಅಂತ ಭಯ.”

ಅಣ್ಣ ಕಣ್ಣೊರೆಸಿಕೊಂಡ. ಎಷ್ಟೋ ವರ್ಷಗಳಿಂದ ಕಾಣದಿದ್ದ, ಹಳೆಯ ಸ್ವಿಚ್ ರೂಮಿನ ಚುರುಕು ಆ ಮುಖದಲ್ಲಿ ಬಂದಿತ್ತು. “ಇವತ್ತು ಗೊತ್ತಾಯ್ತೇನೋ ಇದು? ಮೀಟರ್ ಬಿಚ್ಚುವಾಗ?”

ಹೂಂ ಎಂದುಬಿಡಬಹುದಿತ್ತು. ಅಣ್ಣನೇ ದಾರಿ ಮಾಡಿಕೊಟ್ಟಿದ್ದ.

“ಇಲ್ಲಣ್ಣ. ಅವತ್ತೇ ಸಂಜೆ ಗೊತ್ತಾಯ್ತು. ನಾನೇ ಗಡಿಯಾರ ಹಿಂದಕ್ಕೆ ಹಾಕಿದೆ.”

“ಅವತ್ತು ಸಂಜೆ ನೀನು ಇಲ್ಲೇ ಊಟ ಮಾಡಿದೆ” ಎಂದಳು ಅತ್ತಿಗೆ, ಬೇರೇನನ್ನೋ ನೆನಪು ಮಾಡಿಕೊಳ್ಳುವವಳ ಹಾಗೆ.

ಒಂದು ಏಟಾದರೂ ಬೀಳುತ್ತದೆಂದು ಹನ್ನೊಂದು ವರ್ಷದಿಂದ ಕಾದಿದ್ದ ಇವನ ಕೆನ್ನೆ ಸುಮ್ಮನೆ ಕಾಯುತ್ತಲೇ ಇತ್ತು. ಅಣ್ಣ ಕೈಯಲ್ಲಿದ್ದ ಪುಸ್ತಕಕ್ಕೆ ರಟ್ಟು ಹಾಕಿ ಮುಗಿಸಿದ, ಮೂಲೆಗಳನ್ನು ಉಗುರಿನಿಂದ ಮಡಚಿ ಕೂರಿಸಿದ, ಬದಿಗಿಟ್ಟ. ಅತ್ತಿಗೆ ಒಳಗೆ ಹೋಗಿ ಟೀ ಮಾಡಿಕೊಂಡು ಬಂದು ಎರಡು ಲೋಟ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಗೋಡೆಗೆ ಒರಗಿ ನಿಂತಳು. ಇವನು ಕೈಹಾಕಲಿಲ್ಲ. ಅಣ್ಣ ಒಂದು ಲೋಟವನ್ನು ಮೆಲ್ಲಗೆ ಮುಂದಕ್ಕೆ ಸರಿಸಿ, ಹೊಸಬರಿಗೆ ಹೇಳುವ ಮರ್ಯಾದೆಯಲ್ಲಿ ಹೇಳಿದ.

“ಟೀ ತಗೊಳ್ಳಿ. ಆರಿಹೋಗುತ್ತೆ.”

ಇನ್ನಾರಾದರೂ ಬಂದರೇನೋ ಎಂದು ಅವನು ಹಿಂದೆ ತಿರುಗಿ ನೋಡಿದ. ಬಾಗಿಲಲ್ಲಿ ಯಾರೂ ಇರಲಿಲ್ಲ.